ಇಂಗ್ಲೆಂಡಿನ ಬಿಳಿ ಬಂಡೆಗಳ ಮೇಲೆ ನಡೆಯಲು ಹೊರಟ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳು ಓದಲಿಕ್ಕೆ, ನೌಕರಿಗೆ ಅಂತ ಇಂಗ್ಲೆಂಡಿಗೆ ಹೋಗುತ್ತಾರೆ. ಅವರ ಹಿಂದೆ ತಂದೆ ತಾಯಿ ಎರಡು ಮೂರು ತಿಂಗಳು ಇದ್ದು ಬರಲು ಹೊರಡುತ್ತಾರೆ. ಲಂಡನ್ ನೋಡಿ ಮುಗಿದ ಮೇಲೆ ಸಮುದ್ರದ ದಂಡೆಯ ಬಿಳಿ ಬಂಡೆಗಳ ಮಾತು ಬಂದೇ ಬರುತ್ತದೆ. ನನ್ನ ಮಗಳ ಮನೆ ಆ ಕಡೆಯೇ ಇರುವುದರಿಂದ ಪರಿಚಯದವರು ನನಗೆ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಇವನ್ನೇ.

ಬಿಳಿ ಬಂಡೆ ಅಂದರೆ ಡೋವರ್ ಅಲ್ವಾ? ಸೆವೆನ್ ಸಿಸ್ಟರ್ಸ್ ಅಂದರೆ ಬೇರೆಯಾ?

ಬೇರೆ. ಎರಡೂ ಇಂಗ್ಲೆಂಡಿನ ದಕ್ಷಿಣ ದಂಡೆಯಲ್ಲೇ ಇವೆ, ಎರಡೂ ಸೀಮೆಸುಣ್ಣದ ಬಂಡೆಗಳೇ. ಡೋವರ್ ಇರುವುದು ಕೆಂಟ್ ಪ್ರಾಂತ್ಯದಲ್ಲಿ, ಫ್ರಾನ್ಸಿಗೆ ತೀರ ಹತ್ತಿರ. ನಡುವಿನ ಸಮುದ್ರ ಸುಮಾರು 33 ಕಿಲೋಮೀಟರ್ ಅಷ್ಟೇ. ಹವೆ ತಿಳಿಯಾಗಿದ್ದರೆ ಆಚೆ ದಂಡೆ ಕಾಣುತ್ತದೆ. ಸೆವೆನ್ ಸಿಸ್ಟರ್ಸ್ ಅಂದರೆ ಸಮುದ್ರದ ಅಂಚಿನ ಏಳು ಗುಡ್ಡಗಳ ಸಾಲು. ಅದು ಇರುವುದು ಪಶ್ಚಿಮಕ್ಕೆ, ಈಸ್ಟ್ ಸಸೆಕ್ಸ್‌ನಲ್ಲಿ, ಸೀಫರ್ಡ್ ಮತ್ತು ಈಸ್ಟ್‌ಬೋರ್ನ್ ಎಂಬ ಎರಡು ಊರುಗಳ ನಡುವೆ.

ಯಾವುದಕ್ಕೆ ಹೋಗಬೇಕು ಅಂತ ಕೇಳಿದರೆ ನಾನು ಸೆವೆನ್ ಸಿಸ್ಟರ್ಸ್ ಅನ್ನುತ್ತೇನೆ. ಡೋವರ್‌ನಲ್ಲಿ ಕೆಳಗೇ ದೊಡ್ಡ ಬಂದರಿದೆ. ಹಡಗು, ಲಾರಿ, ಗದ್ದಲ. ಇತಿಹಾಸದ ಹುಚ್ಚು ಇರುವವರಿಗೆ, ಹಡಗು ನೋಡುವ ಮಕ್ಕಳಿಗೆ ಅದೇ ಚೆಂದ. ಸುಮ್ನೆ ಹುಲ್ಲಿನ ಮೇಲೆ, ಗಾಳಿಯಲ್ಲಿ ನಡೆಯಬೇಕು ಅನ್ನುವವರು ಸಸೆಕ್ಸ್‌ಗೆ ಹೋಗಲಿ. ಸಿನಿಮಾದವರೂ ಡೋವರ್ ತೋರಿಸಬೇಕಾದಾಗ ಎಷ್ಟೋ ಸಲ ಇಲ್ಲಿಗೇ ಬಂದು ಚಿತ್ರೀಕರಿಸುತ್ತಾರೆ. ಇಲ್ಲಿನ ಬಂಡೆ ಹೆಚ್ಚು ಬಿಳಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಟಿಕೆಟ್ ಎಷ್ಟು?

ನಡೆಯಲಿಕ್ಕೆ ಟಿಕೆಟ್ ಇಲ್ಲ, ಗೇಟು ಇಲ್ಲ, ಸಮಯದ ಕಟ್ಟು ಇಲ್ಲ. ಇಡೀ ಜಾಗ 2010ರಲ್ಲಿ ಘೋಷಣೆಯಾದ ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದ ಭಾಗ. ಕಾರು ಒಯ್ದರೆ ಪಾರ್ಕಿಂಗ್‌ಗೆ ಹಣ ಕೊಡಬೇಕು, ಅಷ್ಟೇ.

ಬಂಡೆ ಅಷ್ಟು ಬಿಳಿ ಹೇಗೆ? ಬಣ್ಣ ಗಿಣ್ಣ ಬಳಿಯುತ್ತಾರಾ?

ನಗಬೇಡಿ, ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಬಣ್ಣ ಬಳಿಯುವುದಿಲ್ಲ. ಸುಮಾರು 8ರಿಂದ 10 ಕೋಟಿ ವರ್ಷಗಳ ಹಿಂದೆ ಈ ಜಾಗ ಬೆಚ್ಚಗಿನ ಸಮುದ್ರದ ತಳವಾಗಿತ್ತು. ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಜೀವಿಗಳು ತುಂಬಿದ್ದವು. ಅವುಗಳ ಮೈಮೇಲೆ ಸುಣ್ಣದ ಸಣ್ಣ ಬಿಲ್ಲೆಗಳು. ಸತ್ತ ಮೇಲೆ ಆ ಬಿಲ್ಲೆಗಳೆಲ್ಲ ತಳಕ್ಕೆ ಇಳಿದು ಕೆಸರಾಗಿ ಕೂತವು. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ದಪ್ಪ. ಹಾಗೆ ಕೂತು ಕೂತು ನೂರಾರು ಮೀಟರ್ ಆಯಿತು, ಒತ್ತಡಕ್ಕೆ ಗಟ್ಟಿಯಾಯಿತು, ಆಮೇಲೆ ಭೂಮಿ ಅದನ್ನು ಮೇಲೆತ್ತಿತು.

ಬಿಳಿ ಗೋಡೆಯಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು ಕಾಣುತ್ತವೆ. ಅದು ಚಕಮಕಿ ಕಲ್ಲು. ಸಮುದ್ರದ ಸ್ಪಂಜು ಜೀವಿಗಳ ಮೈಯಲ್ಲಿದ್ದ ಸಿಲಿಕಾ ಕರಗಿ, ಸುಣ್ಣದ ಕೆಸರಿನೊಳಗೆ ಮತ್ತೆ ಗಂಟುಗಟ್ಟಿ ಆದದ್ದು. ಸುಣ್ಣ ಉಗುರಿಗೆ ಸವೆಯುತ್ತದೆ, ಚಕಮಕಿ ಮಾತ್ರ ಭಾರಿ ಗಟ್ಟಿ. ಕೆಳಗಿನ ದಂಡೆಯಲ್ಲಿ ಕಾಲಿಗೆ ಸಿಗುವ ಗುಂಡುಕಲ್ಲುಗಳೆಲ್ಲ ಅದೇ. ಆ ಸೀಮೆಯ ಹಳೆಯ ಮನೆ, ಚರ್ಚುಗಳ ಗೋಡೆಯಲ್ಲೂ ಅದನ್ನೇ ಕಟ್ಟಿದ್ದಾರೆ.

ನಮ್ಮವರಿಗೆ ಇಲ್ಲೊಂದು ಮಜಾ ಇದೆ. ಈ ಸೀಮೆಸುಣ್ಣದ ಯುಗ ಮುಗಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಬೆಳಗಾವಿ, ವಿಜಯಪುರದ ಕರಿಕಲ್ಲು ದಖ್ಖನ್ನಿನ ಲಾವಾ ಆಗಿ ಉಕ್ಕಿದ್ದೂ ಹೆಚ್ಚು ಕಡಿಮೆ ಆಗಲೇ. ಗೋಲಗುಮ್ಮಟದ ಕಲ್ಲು ಆ ಲಾವಾದ್ದೇ. ಲೋಕಾಪುರ, ಮುಧೋಳ ಕಡೆಯ ಸಿಮೆಂಟಿನ ಸುಣ್ಣದ ಕಲ್ಲು ಮತ್ತು ಅಲ್ಲಿಯ ಬಿಳಿ ಬಂಡೆ ಎರಡರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ. ನಮ್ಮದು ಬಹಳ ಹಳೆಯದು, ಗಟ್ಟಿಯಾದದ್ದು. ಅವರದ್ದು ಮೆತ್ತಗಿನದು.

ಹಾಗಾದರೆ ಶಾಲೆಯ ಚಾಕ್‌ಪೀಸ್ ಇದರಿಂದಲೇ ಮಾಡುತ್ತಾರಾ?

ಹಿಂದೆ ಮಾಡುತ್ತಿದ್ದರು. ಈಗಿನ ಚಾಕ್‌ಪೀಸ್ ಹೆಚ್ಚಾಗಿ ಜಿಪ್ಸಂನದು.

ಬಿಳುಪು ಕೋಟಿ ವರ್ಷದಿಂದ ಹಾಗೇ ಉಳಿದಿದೆಯಾ?

ಇಲ್ಲ. ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು ಅನ್ನಿ.

ಬಂಡೆ ಬಿಳಿ ಇರುವುದು ಅದು ದಿನಾ ಕುಸಿಯುತ್ತಿರುವುದರಿಂದ. ಅಲೆ ಬುಡವನ್ನು ಕೊರೆಯುತ್ತದೆ. ಮೇಲೆ ಮಳೆನೀರು ಬಿರುಕಿನಲ್ಲಿ ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ. ಒಂದು ದಿನ ಮುಂದಿನ ಪದರ ಕಳಚಿ ಬೀಳುತ್ತದೆ, ಹಿಂದಿನ ಹೊಸ ಬಿಳಿ ಮುಖ ಹೊರಗೆ ಬರುತ್ತದೆ. ಕುಸಿಯುವುದು ನಿಂತರೆ ಹುಲ್ಲು ಬೆಳೆದು ಹಸಿರಾಗುತ್ತದೆ. ಡೋವರ್‌ನಲ್ಲಿ ಬಂದರಿನ ಗೋಡೆ ಅಲೆಯನ್ನು ತಡೆದ ಕಡೆ ಹೀಗೇ ಆಗಿದೆ. ಸೆವೆನ್ ಸಿಸ್ಟರ್ಸ್‌ಗೆ ತಡೆಗೋಡೆ ಇಲ್ಲ. ಅದಕ್ಕೇ ಅದು ಹೆಚ್ಚು ಬಿಳಿ.

ಎಷ್ಟು ವೇಗ? 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಇಲ್ಲಿಯ ಬಂಡೆ ಸಾವಿರಾರು ವರ್ಷಗಳ ಕಾಲ, ವರ್ಷಕ್ಕೆ 2ರಿಂದ 6 ಸೆಂಟಿಮೀಟರ್ ಹಿಂದೆ ಸರಿಯುತ್ತಿತ್ತು. ಕಳೆದ 150 ವರ್ಷಗಳಲ್ಲಿ ಅದು 22ರಿಂದ 32 ಸೆಂಟಿಮೀಟರ್ ಆಗಿದೆ. ಬುಡಕ್ಕೆ ಕಾವಲಿದ್ದ ಗುಂಡುಕಲ್ಲಿನ ದಂಡೆ ತೆಳ್ಳಗಾಗಿದೆ ಅನ್ನುವುದು ಒಂದು ಕಾರಣ. ಆದರೆ ಇದು ಸರಾಸರಿ ಲೆಕ್ಕ. ಬಂಡೆ ಪ್ರತಿ ವರ್ಷ ಗೇಣು ಗೇಣು ಬೀಳುವುದಿಲ್ಲ. ಹತ್ತಾರು ವರ್ಷ ಸುಮ್ಮನಿದ್ದು ಒಮ್ಮೆಗೇ ಕೆಲವು ಮೀಟರ್ ಹೋಗುತ್ತದೆ.

ಬರ್ಲಿಂಗ್ ಗ್ಯಾಪ್ ಎಂಬಲ್ಲಿ ಕರಾವಳಿ ಕಾವಲುಗಾರರ ಹಳೆಯ ಮನೆಗಳ ಸಾಲಿತ್ತು. ಅಂಚು ಬಾಗಿಲಿಗೆ ಬಂದಂತೆ ಒಂದೊಂದೇ ಮನೆ ಕೆಡವುತ್ತ ಬಂದಿದ್ದಾರೆ. 2014ರ ಬಿರುಗಾಳಿಯ ನಂತರವೂ ಒಂದು ಹೋಯಿತು. ಸ್ವಲ್ಪ ಮುಂದೆ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭ ಇದೆ. 1999ರಲ್ಲಿ ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ, 17 ಮೀಟರ್ ಹಿಂದಕ್ಕೆ ಸರಿಸಿದರು. ಈಗ ಅದರಲ್ಲಿ ವಸತಿಗೃಹ ನಡೆಯುತ್ತದೆ.

ಅಂಚಿನಿಂದ ಎಷ್ಟು ದೂರ ಇರಬೇಕು? ಬೇಲಿ ಇರುತ್ತದಲ್ಲ?

ಬಹುತೇಕ ಕಡೆ ಬೇಲಿ ಇಲ್ಲ. ಹಾಕಿದರೂ ಕೆಲವು ವರ್ಷದಲ್ಲಿ ಬೇಲಿಯೇ ಸಮುದ್ರಕ್ಕೆ ಬೀಳುತ್ತದೆ. ಕಡಿಮೆ ಅಂದರೆ ಐದು ಮೀಟರ್ ದೂರ ಇರಿ. ನನ್ನ ಲೆಕ್ಕದಲ್ಲಿ ಹತ್ತು.

ಮೇಲೆ ನಿಂತವರಿಗೆ ಹಚ್ಚ ಹಸಿರು ಹುಲ್ಲು, ಗಟ್ಟಿ ನೆಲ ಕಾಣುತ್ತದೆ. ಅದರ ಕೆಳಗೆ ಸುಣ್ಣ ಇದೆಯೋ, ಬರೀ ಗಾಳಿ ಇದೆಯೋ ಗೊತ್ತಾಗುವುದಿಲ್ಲ. ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಜನ ಕಾಲು ಇಳಿಬಿಟ್ಟು ಕೂತಿರುತ್ತಾರೆ, ಕೆಳಗೆ ಒಂದು ಮೊಳ ದಪ್ಪದ ಚಾಚು ಅಷ್ಟೇ ಇರುತ್ತದೆ. 'ಅಷ್ಟು ಜನ ಕೂತಿದ್ದಾರಲ್ಲ, ಏನಾಗುತ್ತದೆ' ಅನ್ನಬೇಡಿ. 2017ರಲ್ಲಿ ಇಲ್ಲಿಯೇ ಫೋಟೋಗಾಗಿ ಅಂಚಿನ ಹತ್ತಿರ ಜಿಗಿದ ಒಬ್ಬ ವಿದೇಶಿ ವಿದ್ಯಾರ್ಥಿನಿ ಬಿದ್ದು ತೀರಿಕೊಂಡಳು.

ಎತ್ತರದ ಅಂದಾಜಿಗೆ ಹೇಳುತ್ತೇನೆ. ಏಳು ಗುಡ್ಡಗಳಲ್ಲಿ ಎತ್ತರದ್ದು ಹೇವನ್ ಬ್ರೌ, 77 ಮೀಟರ್. ಈಸ್ಟ್‌ಬೋರ್ನ್ ಹತ್ತಿರದ ಬೀಚಿ ಹೆಡ್ 162 ಮೀಟರ್, ಬ್ರಿಟನ್ನಿನ ಸೀಮೆಸುಣ್ಣದ ಕಡಲಬಂಡೆಗಳಲ್ಲೇ ಎಲ್ಲಕ್ಕಿಂತ ಎತ್ತರ. ನಮ್ಮ ಗೋಕಾಕ ಜಲಪಾತ ಸುಮಾರು 52 ಮೀಟರ್. ಅಂಥ ಮೂರನ್ನು ಒಂದರ ಮೇಲೊಂದು ಇಟ್ಟಷ್ಟು. ಕೆಳಗೆ ಸಮುದ್ರದಲ್ಲಿ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ ಆಟಿಗೆಯ ಹಾಗೆ ಕಾಣುತ್ತದೆ. ಅದೇ 43 ಮೀಟರ್ ಇದೆ. ಬೆಲ್ ಟೂಟ್ ದೀಪ ಮೇಲಿನ ಮಂಜಿನಲ್ಲಿ ಹಡಗಿನವರಿಗೆ ಕಾಣುತ್ತಿರಲಿಲ್ಲ. ಅದಕ್ಕಾಗಿ 1902ರಲ್ಲಿ ಇದನ್ನು ಕೆಳಗೆ ಶುರು ಮಾಡಿದರು.

ಒಳ್ಳೆ ಫೋಟೋ ಬೇಕು ಅಂದರೆ ಅಂಚಿಗೆ ಹೋಗಲೇಬೇಕಲ್ಲ?

ಬೇಡ. ಬಂಡೆಯ ಮೇಲೆ ನಡೆಯುವಾಗ ಬಂಡೆ ಕಾಣುವುದೇ ಇಲ್ಲ, ಬರೀ ಹುಲ್ಲು ಕಾಣುತ್ತದೆ. ಅದಕ್ಕೇ ಜನ ಬಗ್ಗಿ ಬಗ್ಗಿ ಅಂಚಿಗೆ ಹೋಗುತ್ತಾರೆ. ಬಗ್ಗಿದರೂ ಏನೂ ಸಿಗುವುದಿಲ್ಲ.

ಏಳೂ ಗುಡ್ಡ ಒಟ್ಟಿಗೆ ಕಾಣುವುದು ಎದುರಿನ ದಡದಿಂದ. ಕಕ್‌ಮಿಯರ್ ಎಂಬ ಸಣ್ಣ ನದಿ ಸುತ್ತಿ ಸುತ್ತಿ ಬಂದು ಸಮುದ್ರ ಸೇರುವ ಜಾಗಕ್ಕೆ ಕಕ್‌ಮಿಯರ್ ಹೇವನ್ ಅನ್ನುತ್ತಾರೆ. ಅದರ ಪಶ್ಚಿಮಕ್ಕೆ, ಸೀಫರ್ಡ್ ಹೆಡ್ ಕಡೆ, ಇಳಿಜಾರಿನಲ್ಲಿ ಕೆಲವು ಹಳೆಯ ಕಾಟೇಜ್‌ಗಳಿವೆ. ಮುಂದೆ ಕಾಟೇಜ್, ಹಿಂದೆ ಸಾಲಾಗಿ ಬಿಳಿ ಗೋಡೆ. ಕ್ಯಾಲೆಂಡರ್‌ಗಳಲ್ಲಿ ನೀವು ನೋಡಿರುವುದು ಇದೇ ಚಿತ್ರ.

ಒಂದು ತೊಡಕಿದೆ. ನದಿಯ ಬಾಯಿಗೆ ಸೇತುವೆ ಇಲ್ಲ. ಎದುರು ದಡ ಕೂಗಳತೆಯಲ್ಲಿ ಕಂಡರೂ ಎಕ್ಸೀಟ್ ಎಂಬಲ್ಲಿಯ ಸೇತುವೆಗೆ ಹೋಗಿ ಸುತ್ತಿ ಬರಬೇಕು. ನೀರು ಕಡಿಮೆ ಕಂಡಿತು ಅಂತ ಇಳಿದು ದಾಟಲು ಹೋಗಬೇಡಿ.

ಡ್ರೋನ್ ಒಯ್ಯಬೇಡಿ. ಬರ್ಲಿಂಗ್ ಗ್ಯಾಪ್ ಸುತ್ತಲಿನ ಜಾಗ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯದು. ಅವರು ಅನುಮತಿ ಇಲ್ಲದೆ ಹಾರಿಸಲು ಬಿಡುವುದಿಲ್ಲ.

ಎಷ್ಟು ದೂರ ನಡೆಯಬೇಕು?

ಸೀಫರ್ಡ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಪೂರ್ತಿ ನಡೆದರೆ 21–22 ಕಿಲೋಮೀಟರ್. ಇಡೀ ದಿನ ಬೇಕು. ಹೊಲಗದ್ದೆ ಓಡಾಡಿದ ಕಾಲು ಇದ್ದರೆ ಆಗುತ್ತದೆ, ಆದರೆ ಸಪಾಟು ನೆಲ ಅಂತ ತಿಳಿಯಬೇಡಿ. ಒಂದು ಗುಡ್ಡ ಇಳಿದರೆ ತಕ್ಷಣ ಇನ್ನೊಂದು ಏರು. ಏಳು ಅಂತ ಹೆಸರಿದ್ದರೂ ಎಂಟನೆಯದೂ ಒಂದು ಸಣ್ಣದು ಲೆಕ್ಕಕ್ಕೆ ಸಿಗುತ್ತದೆ. ಸುಸ್ತಾದ ಕಾಲಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಹೆಚ್ಚಿನವರಿಗೆ ನಾನು ಹೇಳುವುದು ಎಕ್ಸೀಟ್‌ನಿಂದ ಬರ್ಲಿಂಗ್ ಗ್ಯಾಪ್‌ವರೆಗಿನ ಭಾಗ. ಸುಮಾರು ಆರು ಕಿಲೋಮೀಟರ್. ನಿಂತು, ಕೂತು, ನೋಡಿಕೊಂಡು ಹೋದರೂ ಮೂರು ಗಂಟೆ. ಏಳೂ ಗುಡ್ಡ ಇದರಲ್ಲೇ ಬರುತ್ತವೆ. ಪಶ್ಚಿಮದಿಂದ ಪೂರ್ವಕ್ಕೆ ನಡೆಯಿರಿ. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಬೆನ್ನಿಗೆ ಬಿದ್ದರೆ ನಡಿಗೆ ಹಗುರ.

ನಮ್ಮ ಅವ್ವನಿಗೆ ಮೊಣಕಾಲು ನೋವು. ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಆದರೆ ಗುಡ್ಡ ಹತ್ತಿಸಬೇಡಿ. ಬರ್ಲಿಂಗ್ ಗ್ಯಾಪ್‌ವರೆಗೆ ರಸ್ತೆ ಇದೆ, ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಬಿಳಿ ಗೋಡೆ ಎದುರಿಗೇ. ಪಕ್ಕದಲ್ಲೇ ಕೆಫೆ, ಶೌಚಾಲಯ. ದಂಡೆಗೆ ಇಳಿಯುವ ಕಬ್ಬಿಣದ ಮೆಟ್ಟಿಲು ಮಾತ್ರ ಅವರಿಗೆ ಬೇಡ. ಅದೂ ಕುಸಿತದಿಂದಾಗಿ ಕೆಲವೊಮ್ಮೆ ಮುಚ್ಚಿರುತ್ತದೆ. ಎಕ್ಸೀಟ್‌ನಿಂದ ನದಿಯ ಪಕ್ಕದಲ್ಲಿ ಸಮುದ್ರದವರೆಗೆ ಸಪಾಟು ದಾರಿ ಇದೆ. ನಿಧಾನ ನಡೆಯುವವರಿಗೆ ಅದೇ ಒಳ್ಳೆಯದು.

ಎಲ್ಲರೂ ಒಟ್ಟಿಗೇ ಇರಬೇಕು ಅನ್ನುವ ಹಟ ನಮ್ಮವರಿಗೆ ಜಾಸ್ತಿ. ಇಲ್ಲಿ ಬಿಟ್ಟುಬಿಡಿ. ಮಕ್ಕಳು ಗುಡ್ಡದ ಮೇಲೆ ನಡೆದು ಬರಲಿ, ಹಿರಿಯರು ಬರ್ಲಿಂಗ್ ಗ್ಯಾಪ್‌ನಲ್ಲಿ ಚಹಾ ಕುಡಿಯುತ್ತ ಕೂತಿರಲಿ.

ಕೆಳಗೆ ದಂಡೆಯಲ್ಲೇ ಬಂಡೆಯ ಬುಡ ಹಿಡಿದು ನಡೆಯಬಹುದಾ?

ನಮ್ಮದು ಸಮುದ್ರವಿಲ್ಲದ ಸೀಮೆ. ಉಬ್ಬರ ಇಳಿತದ ಅಭ್ಯಾಸ ನಮಗಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಲ್ಲಿ ಏರಿಳಿತದ ಅಂತರ ಗೋವಾದ ಬೀಚುಗಳಲ್ಲಿ ನೋಡಿದ್ದಕ್ಕಿಂತ ಬಹಳ ಜಾಸ್ತಿ. ಇಳಿತದಲ್ಲಿ ಬುಡದ ಉದ್ದಕ್ಕೂ ದಾರಿ ಇದ್ದಂತೆ ಕಾಣುತ್ತದೆ. ಕಕ್‌ಮಿಯರ್ ಹೇವನ್‌ನಿಂದ ಬರ್ಲಿಂಗ್ ಗ್ಯಾಪ್‌ವರೆಗೆ ನಡುವೆ ಎಲ್ಲೂ ಮೇಲೆ ಹತ್ತುವ ಮೆಟ್ಟಿಲಿಲ್ಲ. ಅರ್ಧ ದಾರಿಯಲ್ಲಿ ನೀರು ಏರಿದರೆ ಮುಂದೆ ಸಮುದ್ರ, ಹಿಂದೆ ಗೋಡೆ. ಜೊತೆಗೆ ಮೇಲಿನಿಂದ ಸುಣ್ಣದ ಗಡ್ಡೆಗಳು ಬೀಳುತ್ತಲೇ ಇರುತ್ತವೆ. ಆ ದಾರಿ ಹಿಡಿಯಬೇಡಿ ಅನ್ನುವುದೇ ನನ್ನ ಉತ್ತರ.

ನೀರು ಮುಟ್ಟಬೇಕು ಅಂದರೆ ಬರ್ಲಿಂಗ್ ಗ್ಯಾಪ್ ಮೆಟ್ಟಿಲಿನ ಆಸುಪಾಸಿನಲ್ಲೇ ಇರಿ. ಇಳಿಯುವ ಮುಂಚೆ ಆ ದಿನದ ಉಬ್ಬರದ ಸಮಯ ಫೋನಿನಲ್ಲಿ ನೋಡಿ. ಗೋಡೆಗೆ ಒರಗಿ ನೆರಳಿಗೆ ಕೂರಬೇಡಿ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ 'ಕೋಸ್ಟ್‌ಗಾರ್ಡ್' ಅಂತ ಹೇಳಬೇಕು. ಬಿದ್ದವರನ್ನು ಎತ್ತಲು ನೀವೇ ಇಳಿಯಬೇಡಿ.

ಬೆಳಗಾವಿಯಿಂದ ಹೇಗೆ ತಲುಪುವುದು?

ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಹೋದರೆ ಅಲ್ಲಿಂದ ಲಂಡನ್ನಿಗೆ ನೇರ ವಿಮಾನ ಸಿಗುತ್ತದೆ. ಬಾಗಲಕೋಟೆ, ವಿಜಯಪುರದವರು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬರುವುದೇ ಹೆಚ್ಚು.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಈಸ್ಟ್‌ಬೋರ್ನ್‌ಗೆ ರೈಲು ಇದೆ, ಸುಮಾರು ಒಂದೂವರೆ ಗಂಟೆ. ಸೀಫರ್ಡ್‌ಗೆ ಹೋಗುವವರು ಲೂಯಿಸ್‌ನಲ್ಲಿ ರೈಲು ಬದಲಿಸಬೇಕು. ಬ್ರೈಟನ್ ಮತ್ತು ಈಸ್ಟ್‌ಬೋರ್ನ್ ನಡುವೆ 12ನೇ ನಂಬರಿನ ಬಸ್ಸುಗಳು ಸೀಫರ್ಡ್, ಎಕ್ಸೀಟ್ ಮೇಲೆ ಹೋಗುತ್ತವೆ. ಮೇಲಿನ ಡೆಕ್ಕಿನಲ್ಲಿ ಮುಂದಿನ ಸೀಟು ಹಿಡಿಯಿರಿ. ಬರ್ಲಿಂಗ್ ಗ್ಯಾಪ್, ಬೀಚಿ ಹೆಡ್ ಮುಟ್ಟುವುದು 13ಎಕ್ಸ್. ಅದು ಎಲ್ಲ ದಿನ ಇರುವುದಿಲ್ಲ, ಚಳಿಗಾಲದಲ್ಲಂತೂ ಕಡಿಮೆ. ಬಸ್ಸಿನ ವೇಳೆ ನೋಡದೆ ಬರ್ಲಿಂಗ್ ಗ್ಯಾಪ್‌ಗೆ ನಡೆದು ಬಂದರೆ ಕೊನೆಗೆ ಈಸ್ಟ್ ಡೀನ್ ಊರಿನವರೆಗೆ ಮತ್ತೆ ನಡೆದು 12ನೇ ನಂಬರ್ ಹಿಡಿಯಬೇಕು.

ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋಗುವವರು ರೈಲು ಟಿಕೆಟ್ ತೆಗೆಯುವಾಗ 'ಗ್ರೂಪ್‌ಸೇವ್' ಕೇಳಿ. ದಟ್ಟಣೆ ಇಲ್ಲದ ವೇಳೆಯ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.

ಯಾವ ತಿಂಗಳು ಒಳ್ಳೆಯದು?

ಮೇ ತಿಂಗಳಿನಿಂದ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲೆ, ಮೇಲಾಗಿ ಕುಸಿತವೂ ಚಳಿಗಾಲದಲ್ಲಿ, ಮಳೆಯ ನಂತರ ಹೆಚ್ಚು. ಬೇಸಿಗೆಯಲ್ಲೂ ಜಾಕೆಟ್ ಬೇಕು. ಬೆಳಗಾವಿಯವರು ಹೇಗೋ ತಡೆದುಕೊಳ್ಳುತ್ತಾರೆ, ವಿಜಯಪುರದವರಿಗೆ ಆ ಗಾಳಿ ಜುಲೈನಲ್ಲೂ ಚಳಿಯೇ. ಬಿಸಿಲು ಬಿದ್ದ ದಿನ ಟೊಪ್ಪಿಗೆ ಮರೆಯಬೇಡಿ, ಮೇಲೆ ಒಂದೇ ಒಂದು ಮರ ಇಲ್ಲ.

ಸೀರೆ, ಚಪ್ಪಲಿಯಲ್ಲಿ ನಡೆಯಬಹುದಾ?

ಸೀರೆ ಪರವಾಗಿಲ್ಲ, ಸೆರಗು ಸಿಕ್ಕಿಸಿ. ಚಪ್ಪಲಿ ಬೇಡ. ಒದ್ದೆಯಾದ ಸೀಮೆಸುಣ್ಣ ಭಾರಿ ಜಾರುತ್ತದೆ. ಹಿಡಿತ ಇರುವ ಶೂ ಸಾಕು, ದುಬಾರಿ ಟ್ರೆಕ್ಕಿಂಗ್ ಬೂಟು ಕೊಳ್ಳಬೇಕಿಲ್ಲ.

ಊಟಕ್ಕೆ ಏನು? ಕುಂದಾ, ಕರದಂಟು ಒಯ್ಯಬಹುದಾ?

ಎಕ್ಸೀಟ್ ಬಿಟ್ಟರೆ ಬರ್ಲಿಂಗ್ ಗ್ಯಾಪ್‌ವರೆಗೆ ಅಂಗಡಿ ಇಲ್ಲ, ನೀರಿನ ನಲ್ಲಿ ಇಲ್ಲ, ಶೌಚಾಲಯ ಇಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಇದಕ್ಕಿಂತ ಒಳ್ಳೆಯ ಬುತ್ತಿ ಆ ಗಾಳಿಗೆ ಇಲ್ಲ. ಮೊಸರನ್ನ ಅಲ್ಲೇ ಮಗಳ ಮನೆಯಲ್ಲಿ ಕಲಸಿಕೊಳ್ಳಿ.

ಕುಂದಾ ಮಾತ್ರ ಊರಲ್ಲೇ ಬಿಟ್ಟು ಹೋಗಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿನೊಳಗೆ ಒಯ್ಯುವಂತಿಲ್ಲ. ಧಾರವಾಡ ಪೇಢೆಗೂ ಅದೇ ಗತಿ. ಕರದಂಟಿನಲ್ಲೂ ತುಪ್ಪ ಇರುತ್ತದೆ, ಆದ್ದರಿಂದ ಹೊರಡುವ ಮುಂಚೆ ಬ್ರಿಟನ್ ಸರ್ಕಾರದ ನಿಯಮ ಓದಿಕೊಳ್ಳಿ. ಚಟ್ನಿಪುಡಿ, ರೊಟ್ಟಿಗೆ ಈ ತಂಟೆ ಇಲ್ಲ.

ನೆನಪಿಗೆ ಒಂದು ಸುಣ್ಣದ ತುಂಡು, ಒಂದೆರಡು ಕಲ್ಲು ತರಬಹುದಾ?

ಬೇಡ. ದಂಡೆಯ ಆ ಗುಂಡುಕಲ್ಲುಗಳೇ ಬಂಡೆಯ ಬುಡ ಕಾಯುವುದು. ಕಾನೂನಿನ ರಕ್ಷಣೆ ಇರುವ ಜಾಗವೂ ಹೌದು. ಹುಲ್ಲಿನ ಮೇಲೆ ಸುಣ್ಣದ ತುಂಡು ಜೋಡಿಸಿ ಹೆಸರು ಬರೆಯುವವರೂ ಇದ್ದಾರೆ. ನಾವು ಆ ಸಾಲಿಗೆ ಸೇರುವುದು ಬೇಡ.

ಅಲ್ಲಿ ಕುರಿ ಮೇಯುತ್ತವೆ ಅಂತಾರೆ. ನಿಜವಾ?

ನಿಜ. ಹುಲ್ಲು ಅಷ್ಟು ಗಿಡ್ಡವಾಗಿ, ಸಣ್ಣ ಹೂಗಳಿಂದ ತುಂಬಿರುವುದು ಕುರಿ ಮೇಯುವುದರಿಂದಲೇ. ಮೇಯುವುದು ನಿಂತರೆ ಪೊದೆ ಬೆಳೆದು ಹೂವು, ನೀಲಿ ಚಿಟ್ಟೆ ಎಲ್ಲ ಹೋಗುತ್ತವೆ. ನಮ್ಮ ಕಡೆಯ ಕುರುಬರ ಹಾಗೆ ಹಿಂಡಿನ ಹಿಂದೆ ಯಾರೂ ಇರುವುದಿಲ್ಲ, ಬೇಲಿಯೇ ಕಾವಲು. ಆದ್ದರಿಂದ ದಾಟಿದ ಗೇಟು ಹಾಕಿ ಹೋಗಿ.

ಡೋವರ್‌ಗೆ ಹೋದಾಗ ಫೋನಿನ ಗಡಿಯಾರ ಒಂದು ಗಂಟೆ ಮುಂದೆ ಹೋಯಿತಂತೆ?

ಆಗುತ್ತದೆ. ಬಂಡೆಯ ಕೆಳಗಿನ ಕೆಲವು ಜಾಗಗಳಲ್ಲಿ ಫೋನು ಫ್ರಾನ್ಸಿನ ನೆಟ್‌ವರ್ಕ್ ಹಿಡಿದುಬಿಡುತ್ತದೆ. ಅಲ್ಲಿಯ ಸಮಯ ತೋರಿಸುತ್ತದೆ, ರೋಮಿಂಗ್ ದರವೂ ಬೀಳಬಹುದು. ಹೋಗುವಾಗಲೇ ಡೇಟಾ ರೋಮಿಂಗ್ ಆಫ್ ಮಾಡಿ. ಆಚೆ ದಡದಲ್ಲೂ ಇಂಥದೇ ಬಿಳಿ ಬಂಡೆಗಳಿವೆ, ನಾರ್ಮಂಡಿಯ ಎತ್ರೆತಾ ಎಂಬಲ್ಲಿ. ಆದರೆ ಬ್ರಿಟನ್ ವೀಸಾದಲ್ಲಿ ಫ್ರಾನ್ಸಿಗೆ ಹೋಗಲಾಗುವುದಿಲ್ಲ, ಅದಕ್ಕೆ ಶೆಂಗೆನ್ ವೀಸಾ ಬೇರೆ ಬೇಕು.

ಬಾದಾಮಿ ನೋಡಿದವರಿಗೆ ಇದೇನು ದೊಡ್ಡದು?

ಬಾಗಲಕೋಟೆಯ ಕಾಕಾ ಒಬ್ಬರು ಕೇಳಿದ ಪ್ರಶ್ನೆ ಇದು. ಅವರ ಮಾತಿನಲ್ಲಿ ಹುರುಳಿದೆ. ಬಾದಾಮಿಯ ಕೆಂಪು ಮರಳುಗಲ್ಲು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು. ಅದರಲ್ಲಿ ಚಾಲುಕ್ಯರು ಕೊರೆದ ಮೂರನೇ ಗುಹೆಯಲ್ಲಿ 578ರ ಶಾಸನ ಇವತ್ತಿಗೂ ಇದೆ. ಸಸೆಕ್ಸ್‌ನ ಬಂಡೆಯ ಮೇಲೆ 1830ರ ದಶಕದಲ್ಲಿ ಕಟ್ಟಿದ ದೀಪಸ್ತಂಭವನ್ನು ಎರಡು ಶತಮಾನ ತುಂಬುವ ಮೊದಲೇ ಎತ್ತಿ ಹಿಂದಕ್ಕಿಡಬೇಕಾಯಿತು. ಗಟ್ಟಿತನ ನೋಡುವವರು ಬಾದಾಮಿಗೆ ಹೋಗಲಿ, ಕಣ್ಣೆದುರೇ ಸವೆಯುವ ಗುಡ್ಡ ನೋಡುವವರು ಅಲ್ಲಿಗೆ. ಎರಡನ್ನೂ ನೋಡುವವರು ಅದೃಷ್ಟವಂತರು.

ಇಂಗ್ಲೆಂಡಿಗೆ ಹೋಗುವುದು ನಮ್ಮಿಂದ ಆಗದು. ಹತ್ತಿರದಲ್ಲಿ ಏನಾದರೂ ಇದೆಯಾ?

ಬಿಳಿ ಬಂಡೆ ಇಲ್ಲ. ಕಡಲ ಅಂಚಿನ ನಡಿಗೆ ಇದೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಗೋಕರ್ಣಕ್ಕೆ ಹೋಗಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ನಡುವೆ ಗುಡ್ಡದ ಮೇಲೆ ಕಾಲುದಾರಿ ಇದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಸಮುದ್ರ. ಕೇರಳದ ವರ್ಕಲದಲ್ಲಿ ಕೆಂಪು ಬಂಡೆಯ ಎತ್ತರದ ಅಂಚಿನಲ್ಲೇ ಊರಿನ ಅಂಗಡಿ ಸಾಲು ಇದೆ, ಅದೂ ಕುಸಿಯುವ ಬಂಡೆಯೇ. ಗೋಕರ್ಣಕ್ಕೆ ಮಳೆಗಾಲ ಬಿಟ್ಟು ಹೋಗಿ, ನವೆಂಬರ್‌ನಿಂದ ಫೆಬ್ರವರಿ ಒಳಗೆ. ಬೆಳಿಗ್ಗೆ ಏಳಕ್ಕೆ ನಡಿಗೆ ಶುರು ಮಾಡಿದರೆ ಬಿಸಿಲೇರುವ ಮುಂಚೆ ಮುಗಿಯುತ್ತದೆ.